ಹಿಂದಿನ ಸೀಟಿನ ಕಿವಿ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿರುವ ಅತ್ತೆಯವರಿಗೆ, ಅವರ ಮಗಳಿಗೆ, ಶೆಡ್ಡಿನ ಮಾಲೀಕರಾದ ನಮ್ಮ ಯಜಮಾನರಿಗೆ, ಅಲ್ಲಿನ ಗೆಳೆಯರಿಗೆ — ನಮಸ್ಕಾರ. ಮೈಕಿನ ಮುಂದೆ ನಿಂತು ನನಗೆ ಅಭ್ಯಾಸವಿಲ್ಲ. ದನಿ ನಡುಗಿದರೆ ಮನ್ನಿಸಿ.

ಇವತ್ತು ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಬಾಗಿಲ ಪಕ್ಕದ ಮೊಳೆಗಳಲ್ಲಿ ಎಂದಿನಂತೆ ಎರಡು ಹೆಲ್ಮೆಟ್. ದೊಡ್ಡದು ಮಾವನದು, ಚಿಕ್ಕದು ಅತ್ತೆಯದು. ದೊಡ್ಡದರ ಮೇಲೆ ಧೂಳು ಕೂತಿತ್ತು. ಚಿಕ್ಕದನ್ನು ಯಾರೋ ಒರೆಸಿಟ್ಟಿದ್ದರು — ಅದರ ಮಾತು ಆಮೇಲೆ.

ಮಾವ ನನಗೆ ಸಂಬಂಧದಲ್ಲಿ ಮಾವನಲ್ಲ. ಶೆಡ್ಡಿಗೆ ಕಾಲಿಟ್ಟ ಎಲ್ಲರಿಗೂ ಅವರು ಮಾವನೇ, ಅವರ ಹೆಂಡತಿ ಅತ್ತೆಯೇ. ಹಳೆಯ ಮೋಟಾರ್ ಸೈಕಲ್‌ಗಳನ್ನು ಬಿಚ್ಚಿ ಮತ್ತೆ ಕಟ್ಟುವುದು ಅವರ ಕೆಲಸ. ಆ ಗಾಡಿಗಳ ಚರಿತ್ರೆ ಹುಡುಕಿ ಬರೆಯುವುದು ನನ್ನದು. ಸಾಹಿತ್ಯ ಓದಿ ಬಂದವಳಿಗೆ ಮೊದಲ ದಿನವೇ ಹೆಸರಿಟ್ಟರು.

“ಪುಸ್ತಕಮ್ಮಾ, ಗಾಡಿ ಓಡ್ಸಕ್ಕೆ ಬರುತ್ತಾ?”

“ಇಲ್ಲ ಮಾವ.”

“ಅಂದ್ರೆ ಊಟ ಮಾಡ್ದೆ ರುಚಿ ಬರೀತೀಯ ಅನ್ನು!”

ಅವರದೊಂದು ಪದ್ಧತಿ ನಿಮಗೆಲ್ಲ ಗೊತ್ತು. ಗಾಡಿ ಸಿದ್ಧವಾದ ಮೇಲೆ ಮೊದಲ ಸವಾರಿಗೆ ಅತ್ತೆ ಹಿಂದೆ ಕೂರಲೇಬೇಕು. ಅತ್ತೆ ದಾರಿಯುದ್ದಕ್ಕೂ ಕಣ್ಣು ಮುಚ್ಚಿರುತ್ತಿದ್ದರು. ಇಳಿದ ಮೇಲೆ ತೀರ್ಪು — “ಎಡಗಡೆ ಏನೋ ಹಲ್ಲು ಕಡೀತಿದೆ ರೀ.” ಮಾವ ಮರುಮಾತಾಡದೆ ಸ್ಪ್ಯಾನರ್ ಹಿಡಿಯುತ್ತಿದ್ದರು. ಓಡಿಸುವವನಿಗೆ ರಸ್ತೆ ಕೇಳಿಸುತ್ತದೆ, ಹಿಂದೆ ಕೂತವರಿಗೆ ಗಾಡಿ ಕೇಳಿಸುತ್ತದೆ ಎನ್ನುತ್ತಿದ್ದರು.

ಆಮೇಲೆ ಆ ಬ್ರೆಡ್ ಗಾಡಿ ಬಂತು. ಯಾವುದೋ ಬೇಕರಿಯವರು ಬ್ರೆಡ್ ಹಂಚಲು ಬಳಸಿ ಹಿತ್ತಲಲ್ಲಿ ಬಿಟ್ಟಿದ್ದ, ಮೈತುಂಬ ಕೆಂಪು ಬಳಿದುಕೊಂಡಿದ್ದ ಮೋಟಾರ್ ಸೈಕಲ್. “ಮಾವ, ಇದನ್ನ ತಂದೂರಿಗೆ ಹಾಕಿ” ಎಂದರು ಶೆಡ್ಡಿನಲ್ಲಿ ಬಣ್ಣ ಬಳಿಯುವ ನಮ್ಮ ಪೇಂಟರಣ್ಣ. ಮಾವ ಬಗ್ಗಿ ಚಾಸಿಯ ಕೆಳಗೆಲ್ಲ ಕೈಯಾಡಿಸಿದರು, ಟ್ಯಾಂಕಿನ ಮೂಲೆಯನ್ನು ಒದ್ದೆ ಮಾಡಿದ ಮರಳುಕಾಗದದಿಂದ — ಹೀಗೆ, ಹೆಬ್ಬೆರಳಲ್ಲಿ, ಮಗುವಿನ ಕೆನ್ನೆ ಒರೆಸಿದ ಹಾಗೆ — ಉಜ್ಜುತ್ತ ಕೂತರು. ಕೆಂಪಿನ ಕೆಳಗೆ ನೀಲಿ. ನೀಲಿಯ ಕೆಳಗೆ ಹಸಿರು. ಹಸಿರಿನ ಮೇಲೆ, ಮಸುಕಾಗಿ, ಬಿಳಿಯ ಅಂಕಿಗಳು.

“ಬ್ರೆಡ್ಡಲ್ಲಪ್ಪಾ. ಸಿಪಾಯಿ ಇವನು.”

ಮಹಾಯುದ್ಧದ ಕಾಲದ ಬ್ರಿಟಿಷ್ ಸೇನೆಯ ಗಾಡಿ. ಚಾಸಿಯ ನಂಬರಿನ ಜಾಡು ಹಿಡಿದು ನಾನೂ ಅದನ್ನೇ ಖಚಿತಪಡಿಸಿದೆ. ಒಂದು ತಕರಾರು ಮಾತ್ರ ಉಳಿಯಿತು — ಹಿಂದಿನ ಸೀಟು. ಸೇನೆಯ ಇಂಥ ಗಾಡಿಗಳಲ್ಲಿ ಕೆಲವಕ್ಕೆ ಅದು ಇತ್ತು, ಕೆಲವಕ್ಕೆ ಇರಲಿಲ್ಲ. ಇದಕ್ಕೆ ಸೇನೆಯವರು ಕೂರಿಸಿದ್ದೋ, ಬೇಕರಿಯವರೋ? ಗಾಡಿ ಅಸಲಿ ರೂಪಕ್ಕೇ ಬರಬೇಕು ಎನ್ನುವುದು ಮಾವನ ಹಟ; ಬೇಕರಿಯವರದ್ದಾದರೆ ಕಳಚಬೇಕು. ಕಳಚಿದರೆ ಅತ್ತೆ ಎಲ್ಲಿ ಕೂರಬೇಕು?

ಮಾವ ಸೀಟಿನ ಬೋಲ್ಟ್ ಬಿಚ್ಚಿದರು. ಸೇನೆಯವರೇ ಕೊರೆದಿದ್ದರೆ ರಂಧ್ರದ ಒಳಅಂಚಿಗೂ ಹಸಿರು ಹತ್ತಿರಬೇಕು. ಟಾರ್ಚು, ಭೂತಗನ್ನಡಿ ಹಿಡಿದು ಬಗ್ಗಿದರು. ನಾವೆಲ್ಲ ಸುತ್ತ ನಿಂತಿದ್ದೆವು. ಅತ್ತೆಯೂ ಬಂದಿದ್ದರು, ಕೈಯಲ್ಲಿ ಚಹಾದ ಫ್ಲಾಸ್ಕು. ಮಾವ ಒಂದೊಂದೇ ರಂಧ್ರ ನೋಡಿದರು. ಮತ್ತೆ ಮೊದಲಿನಿಂದ ನೋಡಿದರು —

“ಕೆಂಪು.”

ಯಜಮಾನರು ಮೆಲ್ಲಗೆ ಹೇಳಿದರು, “ಇರ್ಲಿ ಬಿಡಿ ಮಾವ. ಯಾರು ನೋಡ್ತಾರೆ?”

“ನಾನು ನೋಡ್ಬಿಟ್ನಲ್ಲ.”

ಅತ್ತೆ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ, “ಹಾಗಾದ್ರೆ ನಾನು ಇಳೀಬೇಕು ಅನ್ನಿ” ಎಂದರು. ಮಾವ ಸೀಟನ್ನು ಕಳಚಿ ಪಕ್ಕಕ್ಕಿಟ್ಟರು.

ಆ ಸೀಟನ್ನು ಅವರು ಎಸೆಯಲಿಲ್ಲ. ಒಂದು ಸ್ಟೂಲಿನ ಮೇಲೆ ಬಿಗಿದು ಗೇಟಿನ ಬಳಿ ಇಟ್ಟರು. ಹೋದ ತಿಂಗಳು ಸಿಪಾಯಿಯ ಮೊದಲ ಸವಾರಿ. ಮಾವ ಒಬ್ಬರೇ ಹೊರಟರು. ಅತ್ತೆ ಆ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತರು. ಗಾಡಿ ಬೀದಿ ಸುತ್ತಿ ಬಂದು ನಿಂತಿತು.

“ಹಿಂದೆ ಏನೋ ಗೊಣಗ್ತಿದೆ ರೀ.”

“ಗೊಣಗೋರು ಇಳಿದಾಯ್ತಲ್ಲ, ಇನ್ಯಾರು?”

ಶೆಡ್ಡೇ ನಕ್ಕಿತು. ನೋಡಿದರೆ ಹಿಂದಿನ ಮಡ್‌ಗಾರ್ಡಿನ ಬೋಲ್ಟು ನಿಜಕ್ಕೂ ಸಡಿಲ! ಬಿಗಿ ಮಾಡುತ್ತ ಮಾವ ಅತ್ತೆಯನ್ನು ನೋಡಿದ ರೀತಿ — ಅದನ್ನು ಬರೆಯಲು ಎಷ್ಟೋ ಸಲ ಕೂತಿದ್ದೇನೆ. ಬಂದಿಲ್ಲ.

ಹೋದ ವಾರ ಮಾವ ನಿದ್ದೆಯಲ್ಲೇ ಹೋದರು. ಬೆಂಚಿನ ಮೇಲೆ ಅವರು ಮುಕ್ಕಾಲು ಕಟ್ಟಿದ ಇನ್ನೊಂದು ಗಾಡಿಯಿದೆ. ಪೇಂಟರಣ್ಣ ಮುಗಿಸುತ್ತಾರೆ, ಆದರೆ ಅವರಿಗೆ ಸೊಂಟನೋವು, ಓಡಿಸುವಂತಿಲ್ಲ. ಮೊದಲ ಸವಾರಿಗೆ ಹೊರಗಿನವರನ್ನು ಕರೆಸೋಣ ಎಂದು ಯಜಮಾನರು ಮೊನ್ನೆ ಅತ್ತೆಯ ಎದುರಿಗೇ ಹೇಳಿದರು. ಇವತ್ತು ಬೆಳಿಗ್ಗೆ ನೋಡಿದರೆ ಚಿಕ್ಕ ಹೆಲ್ಮೆಟ್ ಫಳಫಳ ಹೊಳೆಯುತ್ತಿತ್ತು.

ಆ ಗಾಡಿಗೆ ಎರಡು ಸೀಟು. ಎರಡೂ ಅಸಲಿ, ನಾನೇ ಪರೀಕ್ಷಿಸಿದ್ದೇನೆ.

ಯಜಮಾನರೇ, ಯಾರನ್ನೂ ಕರೆಸಬೇಡಿ. ಪೇಂಟರಣ್ಣ ನಾಳೆಯಿಂದ ನನಗೆ ಗಾಡಿ ಓಡಿಸಲು ಕಲಿಸಲಿ. ಬೆಳಿಗ್ಗೆ ದೊಡ್ಡ ಹೆಲ್ಮೆಟ್ಟಿನ ಧೂಳು ಒರೆಸಿದೆ. ನನಗೆ ಸಡಿಲ. ಒಳಗೆ ಒಂದು ಬಟ್ಟೆ ಮಡಚಿಟ್ಟು ನೋಡಿದೆ — ಕೂರುತ್ತದೆ.

ಈಗ ದಯವಿಟ್ಟು ಎಲ್ಲರೂ ಎದ್ದು, ಮಾವನಿಗಾಗಿ ಒಂದು ಗಳಿಗೆ ಸದ್ದಿಲ್ಲದೆ ನಿಲ್ಲೋಣ. ಅತ್ತೆ, ನೀವು ಮಾತ್ರ ಕೂತೇ ಇರಿ. ಎಂದಿನಂತೆ, ಕಣ್ಣು ಮುಚ್ಚಿ.