ಡಿಸ್ಕಿನ ಇನ್ನರ್ಧ

ದೀಪ ಸಣ್ಣ ಮಾಡ್ರೋ. ಇದು ನನ್ನ ಚಿಕ್ಕಪ್ಪನ ಮಗ ರಾಂಗೆಲ್‌ಗೆ ಆಗಿದ್ದು. ನಾನೂ ಪಕ್ಕದಲ್ಲೇ ಇದ್ದೆ. ನಂಬಿದ್ರೆ ನಂಬಿ, ಬಿಟ್ರೆ ಬಿಡಿ.

ನವೆಂಬರ್ ತಿಂಗಳು. ನಮ್ಮ ಬೀದಿಯ ಸ್ತೋಯ್ಕಾ ದೊಡ್ಡಮ್ಮ ಸತ್ತ ನಲವತ್ತನೇ ದಿನದ ಊಟ ಮುಗಿಸಿ ಇಬ್ರೂ ಕತ್ತಲಲ್ಲಿ ನಡ್ಕೊಂಡು ಬರ್ತಿದ್ವಿ. ಅವಳ ತಮ್ಮನ ಮಗ ‘ಈ ಹಳೇ ಡಬ್ಬ ನಮಗ್ಯಾಕೆ’ ಅಂತ ಅವಳ ಕಂಪ್ಯೂಟರನ್ನ ರಾಂಗೆಲ್ ತಲೆಗೆ ಕಟ್ಟಿದ್ದ. ಪೆಟ್ಟಿಗೆ ಅವನ ಹೆಗಲ ಮೇಲೆ, ಕೀಬೋರ್ಡು ನನ್ನ ಕಂಕುಳಲ್ಲಿ. ಬುಗ್ಗೆ ಪಕ್ಕದ ಲಿಂಡನ್ ಮರದ ಹತ್ರ ಬಂದ್ವಿ. ಯಾರಾದ್ರೂ ಸತ್ರೆ ನಮ್ಮಲ್ಲಿ ಊರಿಗೆ ತಿಳೀಲಿ ಅಂತ ಮರಕ್ಕೆ ಚೀಟಿ ಅಂಟಿಸ್ತಾರಲ್ಲ, ಅದರಲ್ಲಿ ದೊಡ್ಡಮ್ಮನ ಫೋಟೋ.

ಗುಂಯ್‌...

‘ಏನೋ ಅದು?’

ರಾಂಗೆಲ್ ಗಕ್ಕನೆ ನಿಂತ. ‘ಅಕ್ಕಾ... ಡಿಸ್ಕು ತಿರುಗ್ತಿದೆ.’

‘ಕರೆಂಟಿಲ್ದೆ?’

‘ಡಿಸ್ಕೇ ಇಲ್ದೆ,’ ಅಂತ ಪಿಸುಗುಟ್ಟಿದ. ‘ಅದನ್ನ ನಾನೇ ತೆಗ್ದಿದ್ದು...’

ಹೂಂ, ಆ ಕರ್ಮ ಹೇಳ್ಲೇಬೇಕು. ನಮ್ಮ ಸ್ತಾರಾ ಝಾಗೋರಾ ಪಟ್ಟಣದಲ್ಲಿ ಕಂಪ್ಯೂಟರ್ ಡಿಸ್ಕ್ ಕಾರ್ಖಾನೆ ನಡೀತಿದ್ದಾಗ ದೊಡ್ಡಮ್ಮ ಅಲ್ಲಿ ಕೆಲಸಕ್ಕಿದ್ಲು. ಒಬ್ಳೇ ಮಗಳು ನೆವೆನಾ, ರಕ್ತದ ಕಾಯಿಲೆ ಬಂದು ಇಪ್ಪತ್ತೊಂದಕ್ಕೇ ಹೋದ್ಲು. ಕೊನೇ ಚಳಿಗಾಲ ಪೂರ್ತಿ ಆ ಕಂಪ್ಯೂಟರಲ್ಲಿ ಏನೋ ಬರೀತಿದ್ಲು. ಆದ್ರೆ ತಾಯಿಗೆ ಅಂದ ಕೊನೇ ಮಾತು ಒಂದೇ: ‘ಹೋಗು, ನನ್ನ ಕಣ್ಣೆದುರು ನಿಲ್ಬೇಡ.’ ಆಮೇಲೆ ಕಂಪ್ಯೂಟರೂ ಕೆಟ್ಟು ಮೂವತ್ತು ವರ್ಷ ಮೂಲೇಲಿ ಬಿದ್ದಿತ್ತು. ಮಗಳು ಸಿಟ್ಟಲ್ಲೇ ಸತ್ತಳಾ, ಇಲ್ವಾ? ಸಾಯೋಕೆ ಮುಂಚೆ ಅಷ್ಟು ತಿಳಿದ್ರೆ ಸಾಕಿತ್ತು ಆ ಮುದುಕಿಗೆ.

ಹಳೇ ಡಿಸ್ಕಲ್ಲಿರೋದನ್ನ ಸಣ್ಣ ಮೆಮೊರಿ ಕಾರ್ಡಿಗೆ ಇಳಿಸಿ, ಡಿಸ್ಕಿನ ಜಾಗದಲ್ಲಿ ಆ ಕಾರ್ಡನ್ನೇ ಕೂರ್ಸೋದು ರಾಂಗೆಲ್ ಕೆಲಸ. ಸದ್ದಿಲ್ಲ, ಸವೆತ ಇಲ್ಲ. ಅದಕ್ಕೇ ದೊಡ್ಡಮ್ಮ ಕಂಪ್ಯೂಟರನ್ನ ಅವನಿಗೆ ಕೊಟ್ಟು, ಮಗಳು ಬರೆದಿದ್ದನ್ನ ತೆಗ್ದುಕೊಡು ಅಂದಿದ್ಲು. ಆ ಕಾಲದ ಕಂಪ್ಯೂಟರಿಗೆ ಒಂದು ಇಡೀ ಡಿಸ್ಕು ಒಂದೇ ತುತ್ತಿಗೆ ಹಿಡೀತಿರ್ಲಿಲ್ಲ, ಅದಕ್ಕೇ ಎರಡು ಭಾಗ ಮಾಡಿಡ್ತಿದ್ರು. ನಮ್ಮೂರಲ್ಲಿ ಇದು ಕೂಸಿಗೂ ಗೊತ್ತು. ಈ ಮಹಾ ಜಾಣ ಮೊದಲ್ನೇ ಭಾಗ ಮಾತ್ರ ಇಳಿಸ್ಕೊಂಡ. ಆಮೇಲೆ ಮುಚ್ಚಳ ಬಿಚ್ಚಿ, ಒಳಗಿನ ಹೊಳೆಯೋ ತಟ್ಟೇನ ಗೋಡೆ ಗಡಿಯಾರ ಮಾಡ್ಬಿಟ್ಟ. ಒಮ್ಮೆ ಮುಚ್ಚಳ ಬಿಚ್ಚಿ ಧೂಳು ಬಿತ್ತು ಅಂದ್ರೆ ಡಿಸ್ಕು ಸತ್ತ ಹಾಗೇ. ಇನ್ನರ್ಧ ಇತ್ತು ಅಂತ ಅವನಿಗೆ ನೆನಪಾದಾಗ ತಟ್ಟೆಗೆ ಮುಳ್ಳು ಕೂತಾಗಿತ್ತು.

ತಪ್ಪಾಯ್ತು ಅನ್ನೋಕೇನಾಗಿತ್ತು ಧಾಡಿ? ‘ಬರೀ ಆಟಗಳಿವೆ ದೊಡ್ಡಮ್ಮ. ನೆವೆನಾ ಏನೂ ಬರ್ದಿಲ್ಲ’ ಅಂದ.

‘ಒಂದಕ್ಷರನೂ ಇಲ್ವೇನೋ?’

‘ಇಲ್ಲ.’

‘ಹಂಗಾದ್ರೆ ಸಿಟ್ಟು ಹಂಗೇ ಇತ್ತು ಬಿಡು’ ಅಂದ್ಲಂತೆ. ಒಂದೂವರೆ ತಿಂಗಳಿಗೆ ಹೋದ್ಲು.

ಸರಿ... ಓಡೋಡಿ ಅವನ ಶೆಡ್ಡಿಗೆ ಬಂದ್ವಿ. ಪೆಟ್ಟಿಗೆ ಬಿಚ್ಚಿದ. ಕಾರ್ಡೊಂದೇ ಇದೆ. ಪಕ್ಕದ ಖಾಲಿ ಜಾಗದಿಂದ ಸದ್ದು... ಗುಂಯ್‌... ಟಿಕ್... ಟಿಕ್-ಟಿಕ್... ಕರ್ರ್. ಪರದೆ ಜೋಡಿಸ್ದ, ಕೀಬೋರ್ಡು ಜೋಡಿಸ್ದ. ಹಸಿರು ಅಕ್ಷರ ಮೂಡ್ತು. ಮೇಲ್ಗಡೆ ‘ಅಮ್ಮನಿಗೆ’ ಅಂತಿತ್ತು.

ಟಕ್. ಕೆಳಕ್ಕಿಳಿಸೋ ಬಾಣದ ಕೀ ತಾನಾಗೇ ಒಳಗ್ಹೋಗಿ ಮೇಲೆ ಬಂತು.

‘ನೀನಾ ಒತ್ತಿದ್ದು?’

‘ನನ್ನ ಕೈ ಜೇಬಲ್ಲಿದೆ ಅಕ್ಕಾ...’

ಟಕ್. ಒಂದು ಸಾಲು ಸರೀತು. ಸ್ವಲ್ಪ ಹೊತ್ತು ಬಿಟ್ಟು... ಟಕ್. ಮತ್ತೊಂದು ಸಾಲು. ಕನ್ನಡಕ ಸರಿ ಮಾಡ್ಕೊಂಡು ಓದೋರ ಹಾಗೆ, ಅಷ್ಟು ನಿಧಾನ.

‘ದೊಡ್ಡಮ್ಮ, ನಾನು ಸುಳ್ಳು ಹೇಳಿದ್ದೆ...’ ಅಂತ ಇವನು ಅಳೋಕೆ ಶುರು ಮಾಡ್ದ.

‘ಬಾಯ್ಮುಚ್ಚೋ! ಈಗ್ಲಾದ್ರೂ ಓದ್ಲಿ ಬಿಡು.’

ಒಂದು ಸಾಲಿನ ಹತ್ರ ಕೀ ನಿಂತೇ ಹೋಯ್ತು. ಎಷ್ಟು ಹೊತ್ತೋ ದೇವರಿಗೇ ಗೊತ್ತು. ನಾನು ಓದಿದ್ದು ಅದೊಂದೇ ಸಾಲು: ‘ಹೋಗು ಅಂದಿದ್ದು ಸಿಟ್ಟಿಗಲ್ಲಮ್ಮ. ನಾನು ನರಳೋದು ನೀನು ನೋಡ್ಬಾರ್ದು ಅಂತ.’

ಆಮೇಲೆ ಸದ್ದು ಇಳೀತಾ ಇಳೀತಾ ನಿಂತ್ಹೋಯ್ತು. ಪರದೆ ಕಪ್ಪಾಯ್ತು. ಬೆಳಗಾಗೋವರೆಗೂ ಕಾರ್ಡನ್ನ ನೂರು ಸಲ ಹುಡುಕಿದ್ವಿ. ಬರೀ ಆಟಗಳು. ಬದುಕಿದ್ದಾಗ ಅವಳ ಕೈಗೆ ಸಿಗ್ಬೇಕಾದ ಕಾಗದ ಅದು. ಅವತ್ತಿಂದ ನಾನು ರಾಂಗೆಲ್ ಮನೆ ಮೆಟ್ಟಿಲು ತುಳಿದಿಲ್ಲ.

ನನ್ನಾಣೆಗೂ ನಿಜ. ಕೀಬೋರ್ಡು ಈಗ ನಮ್ಮ ಮನೇಲಿದೆ, ಕಪಾಟಿನ ಮೇಲೆ. ಯಾವುದಕ್ಕೂ ಜೋಡಿಸಿಲ್ಲ, ಯಾರೂ ಮುಟ್ಟಲ್ಲ, ಮೇಲೆಲ್ಲಾ ಧೂಳು. ನಾನು ತಂದಿಟ್ಟಾಗ ಕೆಳಕ್ಕಿಳಿಸೋ ಕೀ ಮೇಲಿನ ಬಾಣದ ಗುರುತು ಸ್ಪಷ್ಟವಾಗಿ ಕಾಣ್ತಿತ್ತು. ಈಗ ಆ ಕೀ ಮೇಲೆ ಮಾತ್ರ ಧೂಳಿಲ್ಲ, ಬಾಣ ಅರ್ಧಕ್ಕರ್ಧ ಸವೆದಿದೆ.