ಬಚ್ಚಲಿಗೆ ಸುರಿದ ಬಿಸಿನೀರು

ಚಾಮರಾಜಪೇಟೆಯಲ್ಲಿ ದೆವ್ವ ಎಲ್ಲಿಂದ ಬರುತ್ತೆ, ಸ್ಕೂಟರ್ ನಿಲ್ಲಿಸೋಕೇ ಜಾಗ ಇಲ್ಲ ಅಂತ ನಗುವವರು ನಗಲಿ. ಅವರು ಆ ಬೆಳಿಗ್ಗೆ ನಂದೀಶನ ಮನೆಗೆ ಬಂದಿರಲಿಲ್ಲ. ನಮ್ಮ ಪಕ್ಕದ ಮನೆಯೇ ಅದು, ಗೋಡೆಗೆ ಗೋಡೆ.

ನಂದೀಶ ಕಲಾಸಿಪಾಳ್ಯದ ಈರುಳ್ಳಿ ಮಂಡಿಯಲ್ಲಿ ತೂಕ ಹಾಕುವವನು. ಆ ರಾತ್ರಿ ಕೆಲಸ ಮುಗಿಸಿ ನಡೆದೇ ಬರುತ್ತಿದ್ದ. ಕೈಚೀಲದಲ್ಲಿ ಅಡುಗೆ ಸೋಡಾ, ಒಂದು ಬಾಟಲಿ ವಿನಿಗರ್. ಬೀದಿಯ ತಿರುವಿನಲ್ಲಿ ಕಬ್ಬಿಣದ ಸರಳು ಹಾಕಿ ಮುಚ್ಚಿದ ಹಳೇ ಬಾವಿ ಇದೆ. ಅದನ್ನು ದಾಟುವಾಗ ಒಳಗಿನಿಂದ... ಗುಳುಕ್... ಎಂದಿತು. ಆ ಬಾವಿ ಬತ್ತಿ ಯಾವ ಕಾಲವಾಯಿತೋ. ಬೇರೆಯವರಾಗಿದ್ದರೆ ಓಟ ಕೀಳುತ್ತಿದ್ದರು. ನಂದೀಶನ ತಲೆ ತುಂಬ ಮನೆಯ ಬಚ್ಚಲೇ ಇತ್ತು, ಸುಮ್ಮನೆ ನಡೆದ.

ಮರುದಿನ ತೀರಿಕೊಂಡ ಹೆಂಡತಿ ಪ್ರೇಮಲತಾಳ ವರ್ಷದ ಎಡೆ. ಅವಳಿಗೆ ಇಷ್ಟವಾದದ್ದೆಲ್ಲ ಮಾಡಿ ಬಡಿಸುವ ದಿನ. ಬೆಳಗಾದರೆ ನೆಂಟರು ಬಂದು ಸ್ನಾನಕ್ಕೆ ಸಾಲು ನಿಲ್ಲುತ್ತಾರೆ. ಬಚ್ಚಲಲ್ಲಿ ನಾಲ್ಕು ಚೊಂಬು ಹಾಕಿಕೊಂಡರೆ ಪಾದ ಮುಳುಗುತ್ತೆ, ನೀರು ಇಳಿಯುವುದೇ ಇಲ್ಲ. ಪ್ಲಂಬರ್ ಸೋಮವಾರ ಬರ್ತೀನಿ ಅಂದುಬಿಟ್ಟಿದ್ದ.

ಆದರೆ ನಂದೀಶನ ಸಂಕಟ ಬೇರೆ ಇತ್ತು. ವರ್ಷವಾದರೂ ಅವಳು ಒಂದು ಸಲವೂ ಕನಸಿಗೆ ಬಂದಿರಲಿಲ್ಲ. ಸತ್ತವರು ನಾದಿನಿಗೆ, ಹಾಲಿನವನಿಗೆಲ್ಲ ಕಾಣಿಸಿಕೊಂಡ ಕತೆ ಕೇಳುತ್ತೇವೆ. ಇವನು ದಿನಾ ದೀಪ ಆರಿಸಿ, ಒಂದ್ಸಲ ಬಂದು ಹೋಗೇ, ಅಂತ ಕರೆದು ಮಲಗುತ್ತಿದ್ದ. ಪಕ್ಕದ ದಿಂಬು ಹಾಗೇ ಇರುತ್ತಿತ್ತು.

ಮನೆಯಲ್ಲಿ ಇದ್ದವಳು ಸೋದರತ್ತೆ ಪಿಳ್ಳಮ್ಮ ಒಬ್ಬಳೇ. ಅವಳಿನ್ನೂ ಎದ್ದಿದ್ದಳು.

"ಈಗ ಶುರು ಮಾಡ್ತೀಯೇನೋ?" ಮೆಲ್ಲಗೆ ಕೇಳಿದಳು.

"ಬೆಳಿಗ್ಗೆ ಜನ ಬರ್ತಾರಲ್ಲ ಅತ್ತೆ."

"ಬಿಸಿನೀರು ಹಾಕೋಕೆ ಮುಂಚೆ ಒಂದ್ ಚೊಂಬು ತಣ್ಣೀರು ಹಾಕು. ‘ಸರ್ಕೊಳ್ಳಿ’ ಅಂತ ಹೇಳು."

"ಯಾರಿಗೆ?"

"ಇರೋರಿಗೆ... ಪ್ರೇಮ ಅನ್ನ ಬಸಿದ ಗಂಜೀನೂ ಹೇಳ್ದೆ ಸುರೀತಿರ್ಲಿಲ್ಲ."

ಹೂಂ ಅಂದ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಯಲಿಟ್ಟು, ಬಚ್ಚಲಿನ ಜಾಲರಿ ಎತ್ತಿದ. ಕರ್ರ್... ಎಂದಿತು. ತಂತಿಯ ಹ್ಯಾಂಗರ್ ಬಿಚ್ಚಿ, ತುದಿ ಕೊಕ್ಕೆಯಂತೆ ಬಗ್ಗಿಸಿ, ತೂತಿನೊಳಗೆ ಬಿಟ್ಟ. ಮೊದಲು ಸಾಬೂನಿನ ಜಿಡ್ಡು ಬಂತು. ಆಮೇಲೆ ಕೂದಲು. ಎಳೆದ... ಇನ್ನೂ ಬಂತು. ಎಳೆದಷ್ಟೂ ಬಂತು. ಮೀಯುವಾಗ ಉದುರುವಂಥ ಒಂದೆರಡು ಎಳೆ ಅಲ್ಲ. ಬೆರಳಿಗೆ ಸುತ್ತಿ, ಉಂಡೆ ಮಾಡಿ, ಒತ್ತಿ ಒತ್ತಿ ತುರುಕಿದ್ದ ಕೂದಲು.

ನಂದೀಶ ಒದ್ದೆ ನೆಲದ ಮೇಲೆ ಕೂತುಬಿಟ್ಟ.

ಆಸ್ಪತ್ರೆಯ ಔಷಧಿ ಶುರುವಾದ ಮೇಲೆ ಅವಳು ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. ಬಚ್ಚಲ ಚಿಲಕ ಹಾಕಿಕೊಂಡರೆ ಬೇಗ ಬರುತ್ತಿರಲಿಲ್ಲ. ಕೂದಲು ಉದುರ್ತಿದೆಯಾ ಅಂತ ಕೇಳಿದರೆ, "ಇಲ್ಲ ರೀ, ಚಳಿಗೆ ಕಟ್ಕೊಂಡಿದೀನಿ" ಅನ್ನುತ್ತಿದ್ದಳು. ಅವಳ ಜಡೆ ಮೊಣಕಾಲು ಮುಟ್ಟುತ್ತಿತ್ತು. ಹೆಣ್ಣು ನೋಡಲು ಹೋದವನು ಮುಖಕ್ಕಿಂತ ಮೊದಲು ಜಡೆಯನ್ನೇ ನೋಡಿದ್ದ, ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ. ಅವನಿಗೆ ಕಾಣಬಾರದೆಂದು ಅವಳು ಒಬ್ಬಳೇ ಇಲ್ಲಿ ಕೂತು, ಒಂದೊಂದೇ ಹಿಡಿ...

"ಹೇಳಿದ್ರೆ ನಾನೇನ್ ನಿನ್ನ ಬೇಡ ಅಂತಿದ್ನೇನೇ?" ತೂತಿನ ಹತ್ತಿರ ಬಗ್ಗಿ ಪಿಸುಗುಟ್ಟಿದ.

ಗುಳುಕ್... ಎಂದಿತು ಒಳಗೆ.

ಅಳು ಉಕ್ಕಿ ಬಂತು. ಕಣ್ಣೀರಿನ ಕಣ್ಣಿಗೆ ಏನೂ ಕಾಣದು. ಸೋಡಾ ಸುರಿದ, ವಿನಿಗರ್ ಹೊಯ್ದ. ನೊರೆ ಬುಸ್ಸೆಂದು ಎದ್ದು, ಚಿಟಿಚಿಟಿ ಎಂದು ಇಳಿಯಿತು. ಒಳಗೆ ಹೋಗಿ ಒಲೆಯ ಮೇಲಿನ ಪಾತ್ರೆ ತಂದವನೇ ಒಂದೇ ಸಲಕ್ಕೆ ಬಗ್ಗಿಸಿಬಿಟ್ಟ. ತಣ್ಣೀರು ಮರೆತ. ಹೇಳುವುದನ್ನೂ ಮರೆತ.

"ಸ್ಸ್... ಅಮ್ಮಾ..."

ಸಣ್ಣ ದನಿ. ಮಲಗಿದವರು ಎದ್ದುಬಿಟ್ಟಾರು ಅಂತ ತುಟಿ ಕಚ್ಚಿದ ದನಿ. ಒಗ್ಗರಣೆ ಸಿಡಿದಾಗ ಅವಳು ಹಾಗೇ ಅನ್ನುತ್ತಿದ್ದಳು.

"ಪ್ರೇಮಾ... ಪ್ರೇಮಾ, ಉರೀತಿದೆಯಾ?" ನಂದೀಶ ಕೈಗೆ ಸಿಕ್ಕ ಚೊಂಬಿನಲ್ಲಿ ತಣ್ಣೀರು ಮೊಗೆದು ಮೊಗೆದು ಸುರಿದ. ನೀರು ನಿಲ್ಲಲಿಲ್ಲ. ಒಂದು ಚೂರೂ ಸದ್ದಿಲ್ಲದೆ ಸರಾಗವಾಗಿ ಇಳಿದುಹೋಯಿತು. ಇನ್ನೊಂದು ಚೊಂಬು ಹಾಕಿ ಕಿವಿಗೊಟ್ಟ... ಏನೂ ಇಲ್ಲ. ಒಳಗೆ ಬರಿದೋ ಬರಿದು.

ಪಿಳ್ಳಮ್ಮ ಬಾಗಿಲಲ್ಲಿ ಬಂದು ನಿಂತಳು. "ಏನಾಯ್ತೋ?"

"ಇಲ್ಲೇ ಇದ್ಲು ಅತ್ತೆ. ವರ್ಷ ಪೂರ್ತಿ ಇಲ್ಲೇ ಇದ್ಲು. ನಾನೇ ಸುಟ್ಟು ಓಡಿಸ್ಬಿಟ್ಟೆ."

ಪಿಳ್ಳಮ್ಮ ಅವನ ಪಕ್ಕ ಒದ್ದೆ ನೆಲದಲ್ಲೇ ಕೂತಳು. ಅವನ ಕೈಯಿಂದ ಚೊಂಬು ಬಿಡಿಸಿಕೊಂಡು, ತಲೆಯನ್ನು ಮಡಿಲಿಗೆಳೆದುಕೊಂಡಳು.

ಬೆಳಿಗ್ಗೆ ಬಂದ ನೆಂಟರೆಲ್ಲ ಬಚ್ಚಲು ಚೆನ್ನಾಗಿ ಹೋಗ್ತಿದೆ, ಪ್ಲಂಬರ್ ಖರ್ಚು ಉಳೀತು ಅಂದರು. ಆದರೆ ಅವರಿಗೆ ಬೀದಿಬಾಗಿಲು ತೆಗೆಯಲು ಹೋದ ಪಿಳ್ಳಮ್ಮ ಮೊದಲು ನೋಡಿದ್ದು ನೆಲವನ್ನು. ಬಚ್ಚಲಿಂದ ಬೀದಿಬಾಗಿಲವರೆಗೆ ಕೆಂಪು ಗಾರೆ ನೆಲದ ಮೇಲೆ ಒದ್ದೆ ಹೆಜ್ಜೆ. ಎಲ್ಲ ಹೊರಗೆ ಹೋದವೇ, ಒಳಗೆ ಬಂದದ್ದು ಒಂದೂ ಇಲ್ಲ. ಬೆರಳಿನ ಗುರುತಿಲ್ಲ, ಬರೀ ಹಿಮ್ಮಡಿ... ಸುಟ್ಟ ಬೆರಳು ಊರಲಾಗದವರು ನಡೆದ ಹಾಗೆ. ಬಾಗಿಲಿನ ಅಗುಳಿ ಒಳಗಿನಿಂದ ಹಾಕಿದ್ದು ಹಾಕಿದಂತೇ ಇತ್ತು.

ಒರೆಸಲು ನಂದೀಶ ಬಿಡಲಿಲ್ಲ. ಫ್ಯಾನ್ ತಿರುಗುತ್ತಿದ್ದರೂ ಆ ಹೆಜ್ಜೆ ಸಂಜೆಯವರೆಗೆ ಆರಲಿಲ್ಲ. ಸುಳ್ಳು ಅನ್ನಿಸಿದರೆ ಪಿಳ್ಳಮ್ಮ ಇನ್ನೂ ಗಟ್ಟಿಮುಟ್ಟಾಗಿದ್ದಾಳೆ, ಹೋಗಿ ಕೇಳಿ. ಅವತ್ತು ಬಂದ ನೆಂಟರು ಎಡೆಯ ಊಟಕ್ಕೆ ಆ ಹೆಜ್ಜೆ ದಾಟಿಕೊಂಡೇ ಕೂತರು.