ನಲವತ್ತೊಂದನೆಯ ಸಾಲು

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಕತೆ ಹೇಳಲು ಬರುವುದಿಲ್ಲ. ನಾನು ಕನ್ನಡಕದ ಅಂಗಡಿ ಇಟ್ಟವನು. ಈವರೆಗೆ ಬರೆದದ್ದೆಲ್ಲ ಎಡಗಣ್ಣು ಇಷ್ಟು, ಬಲಗಣ್ಣು ಇಷ್ಟು ಎಂಬ ಚೀಟಿಗಳು ಮಾತ್ರ. ಭಯ ಬರಬೇಕಾದ ಕಡೆ ವಿವರಣೆ ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ. ಆದರೆ ಇದು ನಡೆದದ್ದು. ನಡೆದದ್ದು ನನ್ನ ಷಡ್ಡಕನಿಗೆ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡನಿಗೆ. ಅವನು ಸುಳ್ಳು ಹೇಳುವವನಲ್ಲ ಎಂದು ಬರೆಯಲು ಹೊರಟಿದ್ದೆ, ಹಾಗೆ ಬರೆಯುವಂತಿಲ್ಲ. ಒಂದು ಸುಳ್ಳು ಹೇಳಿದ್ದಾನೆ. ಕತೆ ಅದರದ್ದೇ.

ಅವತ್ತು ಶುಕ್ರವಾರ, ರಾತ್ರಿ ಹತ್ತೂವರೆ. ಷಡ್ಡಕ ಆಫೀಸು ಮುಗಿಸಿ ಮನೆಗೆ ನಡೆದು ಬರುತ್ತಿದ್ದ. ದಾರಿಯಲ್ಲಿ ಒಂದು ಹಳೇ ಬಾವಿ ಇದೆ. ಅದರಲ್ಲಿ ನೀರು ಸೇದುವುದು ನಿಂತು ಎಷ್ಟೋ ಕಾಲವಾಯಿತು, ಮೇಲೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಗಾಳಿ ಬೀಸಿದರೆ ಜಾಲರಿಯ ಸಡಿಲ ಬೋಲ್ಟು ಟಿಣ್... ಟಿಣ್... ಅನ್ನುತ್ತದೆ. ಅವತ್ತು ಗಾಳಿ ಇರಲಿಲ್ಲ. ಆದರೂ ಸದ್ದು ಬಂತು. ಟಿಣ್ ಅಲ್ಲ.

ಟಕ ಟಕ ಟಕ... ಕೀಂಚ್.

ಅವನು ನಿಂತುಬಿಟ್ಟ. ಆ ಸದ್ದು ಅವನಿಗೆ ಗೊತ್ತಿತ್ತು. ಅಷ್ಟರಲ್ಲಿ ಜೇಬಿನಲ್ಲಿ ಫೋನು ಝುಂ ಎಂದಿತು. ತೆಗೆದು ನೋಡಿದ.

"ಬಿಟ್ಟದ್ದರ ಪಟ್ಟಿ, ಸಾಲು ಒಂದು. ತಪ್ಪು ಸರಿಹೋಗಿದೆ. ಇನ್ನು ಬಿಡಬೇಕಿಲ್ಲ."

ಟಕ ಟಕ... ಕೀಂಚ್. ಝುಂ. ಸಾಲು ಎರಡು.

ಅವನ ಅಂಗಾಲು ತಣ್ಣಗಾಯಿತು. ಯಾಕೆ ಎಂದು ನಿಮಗೆ ತಿಳಿಯಬೇಕಾದರೆ ಅವನನ್ನು ಆ ಬಾವಿಯ ಹತ್ತಿರವೇ ಸ್ವಲ್ಪ ಹೊತ್ತು ನಿಲ್ಲಿಸಿ, ನಾನು ಕೆಲವು ವಿಷಯ ಹೇಳಬೇಕು. ಬೇಜಾರು ಮಾಡಿಕೊಳ್ಳಬೇಡಿ.

ಷಡ್ಡಕ ಪ್ರೋಗ್ರಾಂ ಬರೆಯುವವನು. ಬಸ್ ನಿಲ್ದಾಣದ ಬೋರ್ಡಿನಲ್ಲಿ ಯಾವ ಬಸ್ಸು ಎಷ್ಟು ಹೊತ್ತಿಗೆ ಎಂದು ಬರುತ್ತದಲ್ಲ, ಆ ಪ್ರೋಗ್ರಾಂ ಅವನ ಆಫೀಸಿನದು. ಬರೆದದ್ದು ನೆಟ್ಟಗಿದೆಯೇ ಎಂದು ನೋಡಲು ಅಲ್ಲೊಂದು ಉಪಕರಣ ಇದೆ. ಉಪಕರಣ ಎಂದರೆ ಕೈಯಲ್ಲಿ ಹಿಡಿಯುವುದಲ್ಲ, ಅದೂ ಒಂದು ಪ್ರೋಗ್ರಾಮೇ. ಸಾಲು ಉದ್ದವಾಯಿತು, ಹೇಳಿದ್ದನ್ನೇ ಎರಡು ಸಲ ಹೇಳಿದ್ದೀಯ, ಇಲ್ಲಿ ಜಾಗ ಬಿಟ್ಟಿಲ್ಲ ಎಂದು ಎಚ್ಚರಿಸುತ್ತಲೇ ಇರುತ್ತದೆ. ಬಸ್ಸೇನೂ ನಿಲ್ಲುವುದಿಲ್ಲ, ಆದರೆ ಮುಂದೆ ಓದುವವರಿಗೆ ಕಷ್ಟ. ಆಫೀಸಿನವರು ಅದಕ್ಕೆ 'ಅತ್ತೆ' ಎಂದು ಹೆಸರಿಟ್ಟಿದ್ದರು. "ಅತ್ತೆ ಏನಂದ್ಲು?" "ನಿನ್ನೆ ಮಾಡಿದ್ದು ಸರಿಯಿಲ್ಲ ಅಂದ್ಲು." ಹೀಗೆ.

ಎಲ್ಲದಕ್ಕೂ ಅತ್ತೆಯ ಮಾತು ಕೇಳುತ್ತ ಕೂತರೆ ಕೆಲಸ ಮುಗಿಯುತ್ತದೆಯೇ? ಅದಕ್ಕೇ ಒಂದು ಪಟ್ಟಿ. ಈ ಎಚ್ಚರಿಕೆಯನ್ನು ಸದ್ಯಕ್ಕೆ ಬಿಟ್ಟಿದ್ದೇವೆ, ಇದರ ಬಗ್ಗೆ ಸುಮ್ಮನಿರು, ಎಂದು ಅದರಲ್ಲಿ ಬರೆದರೆ ಅತ್ತೆ ಬಾಯಿ ಮುಚ್ಚುತ್ತಾಳೆ. ಪಟ್ಟಿಯ ಪ್ರತಿ ಸಾಲಿನಲ್ಲೂ ಬಿಟ್ಟ ಕಾರಣ ಮತ್ತು ಬಿಟ್ಟವರ ಹೆಸರು ಹಾಕಬೇಕು. ಮುಂದೆ ಯಾರಾದರೂ ಆ ತಪ್ಪನ್ನು ತಿದ್ದಿದರೆ, ಇನ್ನು ಈ ಸಾಲು ಬೇಡ ಎಂದು ಅತ್ತೆಯೇ ಫೋನಿಗೆ ತಿಳಿಸುತ್ತಾಳೆ.

ಪಟ್ಟಿಯನ್ನು ನೋಡಿಕೊಳ್ಳುವ ಕೆಲಸ ಷಡ್ಡಕನದು. ಅದರಲ್ಲಿ ಅವನದೇ ನಲವತ್ತೊಂದು ಸಾಲು ಇದ್ದವು. ಕಾರಣದ ಜಾಗದಲ್ಲಿ ನಲವತ್ತೊಂದು ಸಲವೂ ಒಂದೇ ಮಾತು: 'ಆಮೇಲೆ ನೋಡೋಣ.'

ಅವನಿಗೆ ಕೆಲಸ ಕಲಿಸಿದವರು ಪಕ್ಕದ ಸೀಟಿನ ಹೆಂಗಸು. ಎದುರಿಗೆ ಎಲ್ಲರೂ ಅಕ್ಕ ಅನ್ನುತ್ತಿದ್ದರು, ಹಿಂದಿನಿಂದ ಪೂರ್ಣವಿರಾಮ ಅನ್ನುತ್ತಿದ್ದರು, ಯಾಕೆಂದರೆ ಮೊಬೈಲಿನಲ್ಲಿ 'ಸರಿ' ಎಂದು ಕಳಿಸಿದರೂ ಮುಂದೆ ಚುಕ್ಕಿ ಇಡುತ್ತಿದ್ದರು. ಅವರ ಹೆಸರಿನಲ್ಲಿ ಪಟ್ಟಿಯಲ್ಲಿ ಒಂದು ಸಾಲೂ ಇರಲಿಲ್ಲ. "ಗೊಣಗಲಿ ಬಿಡೋ," ಅನ್ನುತ್ತಿದ್ದರಂತೆ. "ಬಾಯಿ ಮುಚ್ಚಿಸೋದು ಸುಲಭ. ಆಮೇಲೆ ನೀನು ಕೇಳ್ತೀನಿ ಅಂದ್ರೂ ಅದು ಮಾತಾಡಲ್ಲ." ಅವರ ಕೀಬೋರ್ಡು ಹಳೆಯದು. ಸ್ಪೇಸ್ ಕೀಲಿಯ ಬಲತುದಿಯನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದರು, ಒತ್ತಿದಾಗಲೆಲ್ಲ ಕೀಂಚ್ ಅನ್ನುತ್ತಿತ್ತು. "ಎಣ್ಣೆ ಬಿಡ್ಲಾ ಅಕ್ಕ?" ಎಂದು ಇವನು ರೇಗಿಸುತ್ತಿದ್ದ.

ಅಕ್ಕ ಎರಡೇ ವಾರ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. ಲೋಟ, ಶಾಲು, ಕೀಬೋರ್ಡು ಎಲ್ಲವನ್ನೂ ಒಂದು ಡಬ್ಬಿಯಲ್ಲಿ ಹಾಕಿ ಮನೆಗೆ ಕಳಿಸಿದರು. ಡಬ್ಬಿಗೆ ಟೇಪು ಸುತ್ತಿದವನು ಷಡ್ಡಕನೇ.

ಮುಂದಿನ ತಿಂಗಳು ಆಫೀಸಿನ ಕಂಪ್ಯೂಟರ್ ಬದಲಾಯಿತು. ಪಟ್ಟಿಯನ್ನು ಹಳೆಯದರಿಂದ ಹೊಸದಕ್ಕೆ ಸಾಗಿಸಿದವನು ಇವನು. ಯಾವ ಸಾಲನ್ನು ಯಾರು ಯಾವತ್ತು ಬರೆದರು ಎಂಬ ಚರಿತ್ರೆ ಹಳೆಯದರಲ್ಲೇ ಉಳಿಯಿತು, ಹೊಸದರಲ್ಲಿ ಬರೀ ಹೆಸರಿನ ಜಾಗ. ಆಗ ಗುಂಪಿನ ಮುಖ್ಯಸ್ಥ ಯಾರಾಗಬೇಕು ಎಂಬ ಮಾತು ನಡೆಯುತ್ತಿತ್ತು. ಯಾರು ಎಷ್ಟು ಬಿಟ್ಟಿದ್ದಾರೆ ಎಂದು ಮ್ಯಾನೇಜರ್ ಸಭೆಯಲ್ಲಿ ಓದುವವರಿದ್ದರು. ಇವನು ತನ್ನ ನಲವತ್ತೊಂದು ಸಾಲಿನಲ್ಲೂ ತನ್ನ ಹೆಸರು ಅಳಿಸಿ ಅಕ್ಕನ ಹೆಸರು ಹಾಕಿದ. ನಾಲ್ಕು ನಿಮಿಷದ ಕೆಲಸವಂತೆ. ನಾಲ್ಕು ನಿಮಿಷ ಎಂದು ಅವನೇ ನನಗೆ ಎರಡು ಸಲ ಹೇಳಿದ.

ಸಭೆಯಲ್ಲಿ ಮ್ಯಾನೇಜರ್ ಓದಿ ಕನ್ನಡಕ ತೆಗೆದರು. "ಅಕ್ಕ ಇಷ್ಟೊಂದು ಬಿಟ್ಟಿದ್ರಾ?"

ಯಾರೋ ಅಂದರು, "ಪೂರ್ಣವಿರಾಮ ಅಂತ ಸುಮ್ನೆ ಹೆಸರಿಟ್ವಿ ಬಿಡಿ ಸಾರ್."

ಎಲ್ಲರೂ ನಕ್ಕರು. ಇವನೂ ನಕ್ಕ. ಮುಖ್ಯಸ್ಥನೂ ಆದ.

ಅಕ್ಕ ಹೋಗಿ ಎಂಟು ತಿಂಗಳಾಗುತ್ತ ಬಂತು. ಅಕ್ಕನ ಮಗಳಿಗೆ ಅದೇ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಸೋಮವಾರ ಸೇರುತ್ತಾಳೆ. ಹೊಸಬರಿಗೆ ಅಲ್ಲಿ ಮೊದಲು ಕೊಡುವ ಕೆಲಸ ಏನು ಗೊತ್ತೇ? ಆ ಪಟ್ಟಿ. ಬಿಟ್ಟದ್ದನ್ನು ಒಂದೊಂದಾಗಿ ಸರಿಮಾಡುತ್ತ ಕಲಿಯಲಿ ಎಂದು. ಅಂದರೆ ಆ ಹುಡುಗಿ ಸೋಮವಾರ ಬೆಳಿಗ್ಗೆ ಕೂತು, ತನ್ನ ತಾಯಿಯ ಹೆಸರನ್ನೂ 'ಆಮೇಲೆ ನೋಡೋಣ' ಎಂಬುದನ್ನೂ ನಲವತ್ತೊಂದು ಸಲ ಓದಬೇಕು. ಶುಕ್ರವಾರ ಇವನು ರಾತ್ರಿಯವರೆಗೆ ಆಫೀಸಿನಲ್ಲಿ ಕೂತದ್ದು ಹೆಸರು ವಾಪಸು ಬದಲಾಯಿಸಲಿಕ್ಕೆ. ಕೈ ಬರಲಿಲ್ಲ. ಎದ್ದು ಮನೆಗೆ ಹೊರಟ.

ಈಗ ಬಾವಿಯ ಹತ್ತಿರ ಬಂದೆವು.

ಝುಂ. ಸಾಲು ಏಳು. ಝುಂ. ಸಾಲು ಎಂಟು.

ಯಾರೋ ಆಫೀಸಿನಲ್ಲಿ ಕೂತು ಸರಿಮಾಡುತ್ತಿದ್ದಾರೆ, ತಾನು ಸಿಕ್ಕಿಬಿದ್ದೆ ಎಂದುಕೊಂಡು ವಾಪಸು ಓಡಿದ. ಬಾಗಿಲಲ್ಲಿ ವಾಚ್‌ಮನ್ ತಾತ ಟಾರ್ಚು ಬಿಟ್ಟ.

"ಮೇಲೆ ಯಾರಿದಾರೆ?"

"ನೀವೇ ಕೊನೇವ್ರು. ನೀವು ಹೋದ್ಮೇಲೆ ನಾನೇ ಬೀಗ ಹಾಕ್ದೆ."

"ಸದ್ದು ಬರ್ತಿದೆ ತಾತ..."

ತಾತ ದನಿ ತಗ್ಗಿಸಿದ. "ನನಗೂ ಕೇಳಿಸ್ತು. ಇಲಿ ಅಂದ್ಕೊಂಡೆ." ಜೇಬು ತಡಕಿ, "ಇಲಿ ಅಂತಾನೇ ಅಂದ್ಕೊಳ್ಳೋಣ," ಎಂದು ಬೀಗದ ಕೈ ಕೊಟ್ಟ. ತಾನು ಮೇಲೆ ಬರಲಿಲ್ಲ.

ಮೇಲೆ ಕತ್ತಲೆ. ಇವನ ಕಂಪ್ಯೂಟರಿನ ಪರದೆ ಮಾತ್ರ ಉರಿಯುತ್ತಿತ್ತು. ಆರಿಸಿ ಹೋಗಿದ್ದು ಇವನಿಗೆ ಚೆನ್ನಾಗಿ ನೆನಪಿದೆ. ಸದ್ದು ಬರುತ್ತಿದ್ದದ್ದು ಪಕ್ಕದ ಸೀಟಿನಿಂದ. ಅಲ್ಲಿ ಮೇಜು ಖಾಲಿ. ಕೀಬೋರ್ಡೂ ಇಲ್ಲ, ಅದರ ತಂತಿಯೂ ಇಲ್ಲ. ಬರೀ ಮರದ ಹಲಗೆ.

ಟಕ ಟಕ ಟಕ... ಕೀಂಚ್.

"ಅಕ್ಕಾ..." ಅಂದ.

ಸದ್ದು ನಿಂತಿತು.

"ತಪ್ಪಾಯ್ತು ಅಕ್ಕಾ."

ಗೋಡೆ ಗಡಿಯಾರದ ಮುಳ್ಳು ಚಿಕ್, ಚಿಕ್... ಆಮೇಲೆ ಮತ್ತೆ, ಅವಸರವಿಲ್ಲದೆ, ಟಕ ಟಕ... ಕೀಂಚ್. ಕೆಲಸದ ಮಧ್ಯೆ ಯಾರೋ ಮಾತಾಡಿಸಿದರೆ ತಲೆ ಎತ್ತಿ ನೋಡಿ ಮತ್ತೆ ಕೆಲಸಕ್ಕೆ ಬೀಳುತ್ತಾರಲ್ಲ, ಹಾಗೆ. ಇವನು ಗೋಡೆಗೆ ಒರಗಿ ನೆಲದ ಮೇಲೆ ಕೂತ. ಓಡಿಹೋಗಲಿಲ್ಲವೇ ಎಂದು ನಾನು ಕೇಳಿದೆ. "ಎಲ್ಲಿಗೆ ಭಾವ?" ಅಂದ.

ನಲವತ್ತನೆಯ ಸಾಲು ಸರಿಹೋದಾಗ ಹನ್ನೆರಡೂ ಇಪ್ಪತ್ತು. ನಲವತ್ತೊಂದಕ್ಕೆ ಕಾದ. ಒಂದು ಗಂಟೆ ಕಾದ. ಸದ್ದು ಬರಲಿಲ್ಲ.

ಎದ್ದು ಪಟ್ಟಿ ನೋಡಿದ. ಆ ನಲವತ್ತೊಂದರಲ್ಲಿ ಉಳಿದದ್ದು ಒಂದೇ ಸಾಲು. ಕಾರಣ: 'ಆಮೇಲೆ ನೋಡೋಣ.' ಹೆಸರು ಮಾತ್ರ ಅಕ್ಕನದಲ್ಲ. ಇವನದು. ಸರಿಹೋದ ನಲವತ್ತನ್ನು ಯಾರು ಸರಿಮಾಡಿದರು ಎಂದು ಹೊಸ ಕಂಪ್ಯೂಟರಿನ ಚರಿತ್ರೆ ತೆರೆದ. ಅದರಲ್ಲಿ ಗಂಟೆ, ನಿಮಿಷ ಎಲ್ಲ ಇತ್ತು. ಮಾಡಿದವರ ಹೆಸರು ನಲವತ್ತಕ್ಕೂ ಒಂದೇ. ಅದೂ ಇವನದೇ.

ಗಮನಿಸಿದಿರಾ? ಇವನು ತನ್ನ ತಪ್ಪನ್ನೆಲ್ಲ ಅವರ ಹೆಸರಿಗೆ ಬರೆದಿದ್ದ. ಅವರು ತಮ್ಮ ಕೆಲಸವನ್ನೆಲ್ಲ ಇವನ ಹೆಸರಿಗೆ ಬರೆದು ಹೋಗಿದ್ದರು. ಇದನ್ನು ನಾನು ವಿವರಿಸಬಾರದಿತ್ತೇನೋ, ಆದರೆ ಅವನು ಹೇಳಿದಾಗ ನನಗೆ ಕೂಡಲೇ ಹೊಳೆದಿರಲಿಲ್ಲ.

ಸೋಮವಾರ ಆ ಹುಡುಗಿ ಬಂದಳು. ಮ್ಯಾನೇಜರ್ ಬೆಳಿಗ್ಗೆಯೇ ಪಟ್ಟಿಯ ಚರಿತ್ರೆ ನೋಡಿ ಅವಳಿಗೆ ಎಲ್ಲ ಹೇಳಿದ್ದರು. ನೇರವಾಗಿ ಇವನ ಮೇಜಿಗೆ ಬಂದು, ಕೈಚೀಲ ಎದೆಗವಚಿಕೊಂಡು ನಿಂತಳು.

"ಸಾರ್, ಅಮ್ಮ ಬಿಟ್ಟುಹೋದ ತಪ್ಪೆಲ್ಲ ನೀವೊಬ್ರೇ ರಾತ್ರಿ ಕೂತು ಸರಿಮಾಡಿದ್ರಂತೆ. ನನಗೆ ಗೊತ್ತಾಗಬಾರದು ಅಂತ ಅಲ್ವಾ?" ಅವಳ ಕಣ್ಣು ತುಂಬಿತ್ತು. "ಅಮ್ಮ ಹಾಗೆಲ್ಲ ಬಿಡೋರಲ್ಲ ಅಂದ್ಕೊಂಡಿದ್ದೆ. ಮೈಗೆ ಹುಷಾರಿರಲಿಲ್ಲ ಅನ್ಸುತ್ತೆ, ನಮಗೆ ಹೇಳಿಲ್ಲ."

ಇವನು "ಹೂಂ" ಅಂದ.

ಆ ಹೂಂ ಅಂದಾಗಿನಿಂದ ಊಟ ಇಳಿಯುವುದಿಲ್ಲವಂತೆ. ನನ್ನ ನಾದಿನಿ, ಅಂದರೆ ಅವನ ಹೆಂಡತಿ, ಹೊಟ್ಟೆನೋವೆಂದು ಡಾಕ್ಟರ ಹತ್ತಿರ ಎರಡು ಸಲ ಕರೆದುಕೊಂಡು ಹೋದಳು.

ನಲವತ್ತೊಂದನೆಯ ಸಾಲನ್ನು ಅವನು ಅವತ್ತು ಸಂಜೆಯೇ ಸರಿಮಾಡಿದ. ಪಟ್ಟಿಯಿಂದ ಅದು ಹೋಯಿತು. ಬೆಳಿಗ್ಗೆ ಬಂದು ನೋಡಿದರೆ ಸಾಲು ಇದೆ. ಮತ್ತೆ ಸರಿಮಾಡಿದ. ಮತ್ತೆ ಇದೆ. ಮೂರು ವಾರದಿಂದ ಹೀಗೇ. ಹುಡುಗಿ ಕೇಳಿದಳಂತೆ, "ಸಾರ್, ನಿಮ್ಮದೊಂದು ಉಳಿದಿದೆ, ನಾನು ಮಾಡ್ಲಾ?" "ಬೇಡಮ್ಮ," ಅಂದನಂತೆ, "ಅದು ನಾನೇ ನೋಡ್ಬೇಕು."

ಕೊನೆಗೆ ಇವತ್ತು ಅವಳನ್ನು ಮನೆಗೆ ಕರೆದಿದ್ದಾನೆ, ಅಮ್ಮನ ಕೀಬೋರ್ಡು ಇದ್ದರೆ ತಾ ಎಂದೂ ಹೇಳಿದ್ದಾನೆ. ಬಾಯಲ್ಲಿ ಹೇಳಲು ಆಗುವುದಿಲ್ಲ, ನೀವು ಬರೆದುಕೊಡಿ ಭಾವ, ನಾನು ಹಾಳೆ ಅವಳ ಕೈಗೆ ಕೊಟ್ಟುಬಿಡುತ್ತೇನೆ ಅಂದ. ಅದಕ್ಕೇ ನಾನು ಅವರ ಅಡುಗೆಮನೆಯ ಮೇಜಿನ ಮೇಲೆ ಕೂತು ಇದನ್ನು ಬರೆಯುತ್ತಿರುವುದು. ಅವಳು ಈಗಷ್ಟೇ ಬಂದಳು. ಕೀಬೋರ್ಡನ್ನು ಹಜಾರದ ಟೀಪಾಯಿ ಮೇಲೆ ಇಟ್ಟಿದ್ದಾಳೆ. ಡಬ್ಬಿಯಿಂದ ತೆಗೆದು ಅಟ್ಟದ ಮೇಲಿಟ್ಟಿದ್ದು, ಎಂಟು ತಿಂಗಳಿಂದ ಯಾರೂ ಮುಟ್ಟಿಲ್ಲ ಅಂದಳು. ನಾನು ನೀರು ಕೊಡುವ ನೆಪದಲ್ಲಿ ಹೋಗಿ ಹತ್ತಿರದಿಂದ ನೋಡಿ ಬಂದೆ.

"ಭಾವ," ನಾದಿನಿ ಬಾಗಿಲಲ್ಲಿ ನಿಂತಿದ್ದಾಳೆ, ಪಿಸುದನಿಯಲ್ಲಿ ಕರೆಯುತ್ತಿದ್ದಾಳೆ. "ಹಾಳೆ ಬೇಡವಂತೆ. ಇವ್ರೇ ಬಾಯಿ ಬಿಟ್ರು. ಅಳ್ತಾ ಇದಾರೆ... ನೀವು ಬೇಗ ಬನ್ನಿ."

ಬಂದೆನಮ್ಮ. ಒಂದೇ ಮಾತು ಬರೆದು ಏಳುತ್ತೇನೆ, ಇಲ್ಲದಿದ್ದರೆ ಯಾರೂ ನಂಬುವುದಿಲ್ಲ. ಗಾಜು ಒರೆಸಿ ಬದುಕಿದವನು ನಾನು, ಧೂಳು ಹೇಗೆ ಕೂರುತ್ತದೆ, ಹೇಗೆ ಹೋಗುತ್ತದೆ ಎಂದು ನನಗೆ ಗೊತ್ತು. ಕೀಬೋರ್ಡಿನ ಅಂಚಿನಲ್ಲಿ ಎಂಟು ತಿಂಗಳ ಧೂಳಿದೆ. ಕೀಲಿಗಳ ನೆತ್ತಿಯ ಮೇಲಿಲ್ಲ. ಬಟ್ಟೆಯಿಂದ ಒರೆಸಿದ್ದರೆ ಇಡೀ ಕೀಲಿ ಸ್ವಚ್ಛವಾಗಬೇಕಿತ್ತು, ಆದರೆ ಸ್ಪೇಸ್ ಕೀಲಿಯ ಎಡಭಾಗದಲ್ಲಿ ಧೂಳು ಹಾಗೇ ಇದೆ, ಬಲತುದಿಯಲ್ಲಿ ಮಾತ್ರ, ಒಂದು ಹೆಬ್ಬೆರಳಿನಷ್ಟು ಅಗಲ, ಧೂಳೇ ಇಲ್ಲ.